ಮನೆಗೆ ಜನರೇಟರ್ ಬೇಕೆ? ಬೇಕಾದರೆ ಎಂಥದು?



ಏಪ್ರಿಲ್ ಕಳೆದು ಮೇ ತಿಂಗಳು ಬಂತೆಂದರೆ ನಮ್ಮ ತುಮಕೂರು ಸೀಮೆಯಲ್ಲಿ ಸಂಜೆಯ ಗಾಳಿಮಳೆ ಹೊಸದೇನಲ್ಲ. ಹನಿ ಬೀಳುವ ಮೊದಲೇ ಗಾಳಿ ಎದ್ದಿರುತ್ತದೆ. ಗುಬ್ಬಿ ಕಡೆಯ ತೋಟದಲ್ಲಾಗಲಿ, ಕುಣಿಗಲ್ ಕಡೆಯ ಊರಿನಲ್ಲಾಗಲಿ, ಒಂದು ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಸಾಕು, ನಾಲ್ಕು ಊರು ಕತ್ತಲಾಗುತ್ತದೆ. ಕಂಬವೇ ಮುರಿದಿದ್ದರೆ ಮಾರನೆಯ ದಿನದವರೆಗೂ ದೀಪದ ಮಾತಿಲ್ಲ. ನಗರಕ್ಕೆ ಸೇರಿಕೊಂಡಿರುವ ಉಪ್ಪಾರಹಳ್ಳಿಯ ಮನೆಗಳಿಗೂ ಈ ಗಾಳಿ ರಿಯಾಯಿತಿ ತೋರಿಸುವುದಿಲ್ಲ. ನಮ್ಮ ಜಿಲ್ಲೆಯ ಪಾವಗಡದಲ್ಲಿ 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಪೂರ್ತಿಯಾಯಿತು. ಆದರೂ ನಮ್ಮ ಮನೆಗೂ ಕಂಬಕ್ಕೂ ನಡುವಿನ ನಾಲ್ಕು ಮಾರು ತಂತಿ ತುಂಡಾದರೆ ನಮಗೆ ಕತ್ತಲೆಯೇ ಗತಿ.

ಇಂಥ ಒಂದೆರಡು ರಾತ್ರಿ ಕಳೆದ ಮೇಲೆ ಮನೆಯ ಯಜಮಾನರು ಪಟ್ಟಣಕ್ಕೆ ಹೋಗಿ ಜನರೇಟರ್ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಕೆ.ವಿ.ಎ. ಬೇಕು?" ನಮ್ಮವರು ಕೊಡುವ ಉತ್ತರ, "ಮನೆಗೆ ಸಾಕಾಗುವಷ್ಟು." ಹಣ ಪೋಲಾಗುವುದು ಇಲ್ಲಿಂದಲೇ. ಕೆಲವರು ಅಗತ್ಯಕ್ಕಿಂತ ಮೂರು ಪಟ್ಟು ದೊಡ್ಡದನ್ನು ತಂದು ಪೆಟ್ರೋಲ್ ಸುಡುತ್ತಾರೆ. ಕೆಲವರು ಚಿಕ್ಕದನ್ನು ತಂದು ಅದಕ್ಕೆ ನೀರಿನ ಮೋಟಾರು ಹಚ್ಚಿ ಮೊದಲ ವಾರದಲ್ಲೇ ಸುಟ್ಟುಕೊಳ್ಳುತ್ತಾರೆ. ಇವೆರಡೂ ಹಣದ ನಷ್ಟ. ಪ್ರಾಣದ ನಷ್ಟ ತರುವ ತಪ್ಪುಗಳೂ ಎರಡಿವೆ. ಅವನ್ನು ಮುಂದೆ ಬಿಡಿಸಿ ಹೇಳುತ್ತೇವೆ. ಯಂತ್ರ ಕೊಳ್ಳುವ ಯೋಚನೆ ಇಲ್ಲದವರೂ ಆ ಭಾಗವನ್ನು ಮಾತ್ರ ಓದದೆ ಬಿಡಬಾರದು.

ಮೊದಲು ಮನೆಯ ಲೆಕ್ಕ

ಒಂದು ಕಾಗದ ತೆಗೆದುಕೊಂಡು ಮನೆಯೊಳಗೆ ಒಂದು ಸುತ್ತು ಬನ್ನಿ. ಕರೆಂಟು ಹೋದಾಗ ಇಲ್ಲದಿದ್ದರೆ ಆಗುವುದೇ ಇಲ್ಲ ಎಂಬ ವಸ್ತುಗಳನ್ನು ಮಾತ್ರ ಬರೆಯಿರಿ. ಈಗಿನ ಎಲ್‌ಇಡಿ ಬಲ್ಬು 9 ವಾಟ್. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್. ಹೊಸ ಬಿಎಲ್‌ಡಿಸಿ ಫ್ಯಾನಾದರೆ 30 ವಾಟಿನ ಆಸುಪಾಸು. ಟೀವಿ 80, ಫ್ರಿಜ್ ಓಡುವಾಗ 150. ನಾಲ್ಕು ದೀಪ, ಎರಡು ಹಳೆಯ ಫ್ಯಾನು, ಒಂದು ಟೀವಿ, ಒಂದು ಫ್ರಿಜ್ ಕೂಡಿಸಿದರೆ 416 ವಾಟ್ ಆಯಿತು. ಅರ್ಧ ಕಿಲೋವಾಟ್ ಕೂಡ ಇಲ್ಲ! ಗೀಸರು 2000 ವಾಟ್, ಇಸ್ತ್ರಿ ಪೆಟ್ಟಿಗೆ 1000 ವಾಟ್. ಇವು ಆ ಕಾಗದಕ್ಕೆ ಸೇರತಕ್ಕವಲ್ಲ. ಕತ್ತಲೆಯ ಸಂಜೆ ಅಂಗಿಗೆ ಇಸ್ತ್ರಿ ಮಾಡದಿದ್ದರೆ ಮಾನವೇನೂ ಹೋಗುವುದಿಲ್ಲ.

ಆದರೆ ಮೋಟಾರು ಇರುವ ವಸ್ತುಗಳ ಸ್ವಭಾವವೇ ಬೇರೆ. ನಿಂತ ಗಾಡಿಯನ್ನು ಮೊದಲು ಕದಲಿಸುವಾಗ ಎತ್ತುಗಳು ಹೇಗೆ ಮೈ ಬಿಗಿದು ಎಳೆಯಬೇಕೋ ಹಾಗೆ, ಮೋಟಾರು ಹೊರಡುವ ಆ ಒಂದೆರಡು ಕ್ಷಣ ಓಡುವಾಗಿನ ಮೂರು, ನಾಲ್ಕು, ಒಮ್ಮೊಮ್ಮೆ ಆರು ಪಟ್ಟು ಕರೆಂಟನ್ನು ಎಳೆಯುತ್ತದೆ. 150 ವಾಟಿನ ಫ್ರಿಜ್ ಹೊರಡುವಾಗ 600 ವಾಟನ್ನು ದಾಟಬಹುದು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ 1 ಅಶ್ವಶಕ್ತಿಯ ಮೋಟಾರು ಓಡುವಾಗ ಸುಮಾರು 1100 ವಾಟ್ ಎಳೆದರೆ, ಹೊರಡುವಾಗ 3500 ವಾಟ್ ಬೇಡಬಹುದು. ಅಂದರೆ ಮೋಟಾರಿಲ್ಲದೆ ಒಂದೂವರೆ ಕೆ.ವಿ.ಎ. ಯಂತ್ರ ಸಾಕಾಗುವ ಮನೆಗೆ, ಆ ಒಂದು ಮೋಟಾರಿನ ದೆಸೆಯಿಂದ ನಾಲ್ಕು ಕೆ.ವಿ.ಎ. ಬೇಕಾಗುತ್ತದೆ.

ನಮ್ಮ ಅಭಿಪ್ರಾಯ ಕೇಳಿದರೆ, ಆ ಮೋಟಾರನ್ನು ಪಟ್ಟಿಯಿಂದ ತೆಗೆದುಬಿಡಿ. ಮಾಳಿಗೆಯ ಮೇಲೆ ಇನ್ನೊಂದು 1000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ಇಟ್ಟು, ಕರೆಂಟು ಇದ್ದಾಗ ಎರಡನ್ನೂ ತುಂಬಿಟ್ಟುಕೊಳ್ಳಿ. ಟ್ಯಾಂಕಿನ ಬೆಲೆ ದೊಡ್ಡ ಜನರೇಟರಿಗೆ ಕೊಡುವ ಹೆಚ್ಚಿನ ಹಣಕ್ಕಿಂತ ಎಷ್ಟೋ ಕಡಿಮೆ. ಟ್ಯಾಂಕು ಪೆಟ್ರೋಲನ್ನೂ ಕೇಳುವುದಿಲ್ಲ.

ಯಂತ್ರದ ತಗಡಿನ ಮೇಲೆ ಎರಡು ಅಂಕಿ ಇರುತ್ತವೆ. ಒಂದು ಅದು ಕ್ಷಣಕಾಲ ಕೊಡಬಲ್ಲ ಗರಿಷ್ಠ ಶಕ್ತಿ, ಇನ್ನೊಂದು ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ. ರಟ್ಟಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಮೊದಲನೆಯದು. ನೀವು ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೆಯದು. ಕೆ.ವಿ.ಎ. ಎಂಬುದೂ ಕಿಲೋವಾಟ್ ಎಂಬುದೂ ಒಂದೇ ಅಲ್ಲ. ಡೀಸೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ 5 ಕೆ.ವಿ.ಎ. ಎಂದರೆ 4 ಕಿಲೋವಾಟ್ ಎಂದು ತಿಳಿಯಬೇಕು. ನಮ್ಮ ಊರುಗಳಿಗೆ ಇನ್ನೊಂದು ಕಡಿತವೂ ಉಂಟು. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ 100 ಮೀಟರಿಗೆ ಹೆಚ್ಚುಕಡಿಮೆ ನೂರಕ್ಕೆ 1ರಂತೆ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಮಂಗಳೂರಿನಲ್ಲಿ 2000 ವಾಟ್ ಕೊಡುವ ಯಂತ್ರ ಇಲ್ಲಿ 1850ರ ಹತ್ತಿರ ಕೊಟ್ಟರೆ ಅದು ಯಂತ್ರದ ದೋಷವಲ್ಲ.

ಬ್ಯಾಟರಿಯೋ ಎಂಜಿನ್ನೋ?

ಲೆಕ್ಕ ಅರ್ಧ ಕಿಲೋವಾಟಿನೊಳಗೆ ಬಂದವರಿಗೆ ಬಹುಮಟ್ಟಿಗೆ ಜನರೇಟರೇ ಬೇಕಿಲ್ಲ. ಇನ್ವರ್ಟರೂ ಒಂದು ಬ್ಯಾಟರಿಯೂ ಸಾಕು. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಗಂಟೆ ಶಕ್ತಿ ಇದೆ. ಕೈಗೆ ಸಿಗುವುದು ಮೂರನೆಯ ಎರಡು ಭಾಗ ಎಂದಿಟ್ಟುಕೊಳ್ಳಿ. ನಾಲ್ಕು ದೀಪ, ಎರಡು ಫ್ಯಾನಿಗೆ ಅದು ಆರು ಗಂಟೆ ಬರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಹಗ್ಗ ಎಳೆಯುವ ಕೆಲಸವಿಲ್ಲ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರು ಹಾಕದಿದ್ದರೆ ಕೆಲವು ವರ್ಷ ಬಾಳುತ್ತದೆ.

ಖರ್ಚನ್ನೂ ಹೋಲಿಸಿ ನೋಡಿ. ಲೈನಿನಿಂದ ಬರುವ ವಿದ್ಯುತ್ತಿಗೆ ಮನೆಯ ದರ ಯೂನಿಟ್ಟಿಗೆ ಏಳು ರೂಪಾಯಿಯೊಳಗಿದೆ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಶೂನ್ಯ ಬಿಲ್ಲು ಪಡೆಯುವ ಮನೆಗಳೂ ಬಹಳ. ಚಿಕ್ಕ ಪೆಟ್ರೋಲ್ ಜನರೇಟರಿನಲ್ಲಿ ಅದೇ ಒಂದು ಯೂನಿಟ್ ತಯಾರಿಸಲು ಅರ್ಧ ಲೀಟರಿಗಿಂತ ಹೆಚ್ಚು ಪೆಟ್ರೋಲು ಹಿಡಿಯುತ್ತದೆ. ಲೀಟರು ನೂರು ರೂಪಾಯಿ ದಾಟಿರುವಾಗ ಯೂನಿಟ್ಟಿಗೆ 60ರಿಂದ 80 ರೂಪಾಯಿ ಬಿತ್ತು. ಒಂದೇ ಒಂದು ಬಲ್ಬಿಗಾಗಿ ಓಡಿಸಿದರಂತೂ ಹೇಳತೀರದು. ಕೆಲಸ ಕಡಿಮೆಯೆಂದು ಎಂಜಿನ್ನು ಅದೇ ಪ್ರಮಾಣದಲ್ಲಿ ಕಡಿಮೆ ಕುಡಿಯುವುದಿಲ್ಲ.

ಹಾಗಾದರೆ ಜನರೇಟರ್ ಯಾರಿಗೆ ಬೇಕು? ಕರೆಂಟು ಒಂದೆರಡು ಗಂಟೆಯಲ್ಲ, ಒಂದೆರಡು ದಿನವೇ ಹೋಗುವ ಕಡೆ ಇರುವವರಿಗೆ. ಊರಿನಿಂದ ದೂರದ ತೋಟದ ಮನೆಗಳನ್ನೇ ನೋಡಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಪಂಪ್‌ಸೆಟ್ಟಿನ ಲೈನು ಬೇರೆಯಾದ ಮೇಲೂ ಪಂಪ್‌ಸೆಟ್ಟಿನ ಲೈನಿನಲ್ಲೇ ಉಳಿದ ತೋಟದ ಮನೆಗಳಿಗೆ ದಿನದ ಕೆಲವು ಗಂಟೆಗಳ ಕತ್ತಲೆ ತಪ್ಪಿಲ್ಲ. ಹತ್ತಾರು ಹಸು ಕಟ್ಟಿ ಹಾಲು ಕರೆಯುವ ಯಂತ್ರ ಇಟ್ಟವರಿಗೆ, ಕೋಳಿ ಸಾಕಿದವರಿಗೆ, ಸುಲಿಯುವ ಯಂತ್ರಕ್ಕೆ ಅಡಿಕೆ ತಂದು ರಾಶಿ ಹಾಕಿಕೊಂಡವರಿಗೂ ಬೇಕಾದೀತು. ಹಾಲನ್ನು 4 ಡಿಗ್ರಿಗೆ ತಣಿಸಿಡಬೇಕಾದ ಶೀತಲ ಕೇಂದ್ರಗಳು ಜನರೇಟರ್ ಇಟ್ಟುಕೊಳ್ಳುವುದು ಇದೇ ಕಾರಣದಿಂದ. ಮದುವೆಗೆ, ಗೃಹಪ್ರವೇಶಕ್ಕೆ ಬೇಕೆನ್ನುವವರು ಮಾತ್ರ ಕೊಳ್ಳಬೇಡಿ. ಶಾಮಿಯಾನದವರು ಯಂತ್ರವನ್ನೂ ಅದನ್ನು ಓಡಿಸುವ ಆಳನ್ನೂ ಬಾಡಿಗೆಗೆ ಕೊಡುತ್ತಾರೆ. ಎಡೆಯೂರು, ಗುಬ್ಬಿ ಜಾತ್ರೆಗಳ ಅಂಗಡಿಸಾಲು ಬೆಳಗುವುದೂ ಹಾಗೆಯೇ ಅಲ್ಲವೆ?

ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲಿರುವ ಹಿರಿಯರಿದ್ದರೆ ಲೆಕ್ಕ ಬದಲಾಗುತ್ತದೆ. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ 300ರಿಂದ 350 ವಾಟ್ ಎಳೆಯುತ್ತದೆ. ಮೇಲೆ ಹೇಳಿದ ಬ್ಯಾಟರಿ ಅದಕ್ಕೆ ಮೂರೂವರೆ ಗಂಟೆಯ ಮೇಲೆ ಬಾರದು. ಅಂಥ ಮನೆಯಲ್ಲಿ ಬ್ಯಾಟರಿ, ಅದರ ಹಿಂದೆ ಜನರೇಟರ್, ಎರಡರ ಹಿಂದೆ ವೈದ್ಯರು ಹೇಳಿದ ಅಳತೆಯ ತುಂಬಿದ ಸಿಲಿಂಡರ್, ಮೂರೂ ಇರಬೇಕು. ಇಂಥ ಯಂತ್ರಕ್ಕೆ ಇನ್ವರ್ಟರ್ ಕೊಳ್ಳುವಾಗ "ಪ್ಯೂರ್ ಸೈನ್ ವೇವ್" ಎಂಬುದನ್ನೇ ಕೇಳಿ ಕೊಳ್ಳಿರಿ. ಅಗ್ಗದ ಇನ್ವರ್ಟರಿನ ಒರಟು ಕರೆಂಟಿಗೆ ಅದರ ಮೋಟಾರು ಬಿಸಿಯಾಗಿ ನಿಲ್ಲಬಹುದು.

ಸೌರ ಫಲಕದ ಬಗ್ಗೆ ಒಂದು ಮಾತು. 2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಲಾಯಿತು. ಮಾಳಿಗೆಯ ಮೇಲೆ ಫಲಕ ಹಾಕಿಸಿದವರು "ಇನ್ನು ಕತ್ತಲೆಯಿಲ್ಲ" ಎಂದು ಸಂತೋಷಪಡುತ್ತಾರೆ. ಮೊದಲ ಸಲ ಕರೆಂಟು ಹೋದಾಗ, ನೆತ್ತಿಯ ಮೇಲೆ ಸೂರ್ಯನಿದ್ದರೂ ಮನೆಯ ಫ್ಯಾನು ನಿಂತುಬಿಡುತ್ತದೆ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೌರ ಇನ್ವರ್ಟರು, ಲೈನು ಸತ್ತೊಡನೆ ತಾನೂ ನಿಲ್ಲುವಂತೆ ಮಾಡಲ್ಪಟ್ಟಿದೆ. ಅದು ದೋಷವಲ್ಲ, ಕಂಬದ ಮೇಲಿರುವವನ ಪ್ರಾಣ ಕಾಯುವ ಏರ್ಪಾಡು. ಕರೆಂಟು ಹೋದಾಗಲೂ ಉರಿಯಬೇಕಾದರೆ ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರನ್ನೇ ಕೇಳಬೇಕು.

ಯಾವ ಯಂತ್ರ?

ಎರಡು ಕೆ.ವಿ.ಎ. ಒಳಗೆ ಪೆಟ್ರೋಲಿನದೇ ಅನುಕೂಲ, ಒಬ್ಬರೇ ಎತ್ತಬಹುದು. ಅದರಲ್ಲಿಯೂ ಇನ್ವರ್ಟರ್ ಜನರೇಟರ್ ಎಂಬ ಜಾತಿ ಇದೆ. ಬೆಲೆ ಹೆಚ್ಚು, ಆದರೆ ಕೆಲಸಕ್ಕೆ ತಕ್ಕಂತೆ ವೇಗ ತಗ್ಗಿಸಿಕೊಳ್ಳುತ್ತದೆ, ಸದ್ದು ಕಡಿಮೆ, ಕರೆಂಟು ಶುದ್ಧ. ಸಾಮಾನ್ಯ ಪೆಟ್ರೋಲ್ ಯಂತ್ರ ಕೆಲಸವಿರಲಿ ಇಲ್ಲದಿರಲಿ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು; ಇಲ್ಲದಿದ್ದರೆ ಕರೆಂಟಿನ 50 ಹರ್ಟ್ಸ್ ಹೊಂದುವುದಿಲ್ಲ.

ಐದು ಕೆ.ವಿ.ಎ. ದಾಟಿತೆಂದರೆ ಡೀಸೆಲ್. 1500 ಸುತ್ತಿನದಾದರೆ ಬಾಳಿಕೆ ಹೆಚ್ಚು. ಕೊಳವೆ ಬಾವಿಯ 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಓಡಿಸಬೇಕೆಂದರೆ, ನೇರ ಸ್ಟಾರ್ಟರ್ ಇದ್ದಲ್ಲಿ 10ರಿಂದ 15 ಕೆ.ವಿ.ಎ. ಯಂತ್ರವೇ ಬೇಕು. ಇಂಥದನ್ನು ತಂದು ಮನೆಯ ನಾಲ್ಕು ದೀಪಕ್ಕೆ ಮಾತ್ರ ಓಡಿಸುವುದು ಎರಡು ವಿಧದಲ್ಲಿ ತಪ್ಪು. ಡೀಸೆಲ್ ಹಾಳು. ಅಲ್ಲದೆ, ಶಕ್ತಿಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಕೆಲಸದಲ್ಲಿ ಬಹುಕಾಲ ಓಡಿದ ಡೀಸೆಲ್ ಎಂಜಿನ್ನು ಒಳಗೆ ಮಸಿ ಕಟ್ಟುತ್ತದೆ.

2023ರ ಜುಲೈ 1ರಿಂದ ಹೊಸ ಜನರೇಟರ್‌ಗಳ ಹೊಗೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಸ ಮಿತಿಗಳು ಬಂದವು. ಆದ್ದರಿಂದ ಹೊಸತರ ಬೆಲೆ ಏರಿದೆ, ಹಳೆಯವಕ್ಕೆ ಗಿರಾಕಿ ಹೆಚ್ಚಿದ್ದಾರೆ. ಹಳೆಯದನ್ನು ಕೊಳ್ಳುವವರು ಎಂಜಿನ್ನು ತಣ್ಣಗಿರುವಾಗಲೇ ಹೋಗಿ ಮುಟ್ಟಿ ನೋಡಬೇಕು. ನೀವು ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿರುವಾಗ ಹೊರಡಲು ಅದು ಸತಾಯಿಸುತ್ತದೆಂದು ಅನುಮಾನಿಸಬಹುದು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಪಿಸ್ಟನ್ ರಿಂಗು ಸವೆದಿದೆ. ಎಡೆಬಿಡದ ಕಪ್ಪು ಹೊಗೆಯಾದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು, ಇದನ್ನು ಸರಿಪಡಿಸಬಹುದು. ದೀಪಗಳನ್ನೂ ಒಂದು ಇಸ್ತ್ರಿ ಪೆಟ್ಟಿಗೆಯನ್ನೂ ಹಚ್ಚಿ ಅರ್ಧ ಗಂಟೆ ಓಡಿಸಿ, ಮೀಟರಿನಲ್ಲಿ ವೋಲ್ಟೇಜು 230ರ ಸುತ್ತ ನಿಂತಿದೆಯೇ ನೋಡಿ. ಇಸ್ತ್ರಿ ಪೆಟ್ಟಿಗೆಗೆ ಜನರೇಟರಿನಿಂದ ಇಷ್ಟೇ ಉಪಯೋಗ.

ಕಂಬದ ಮೇಲಿರುವ ಮನುಷ್ಯ

ಇನ್ನು ಪ್ರಾಣದ ಮಾತಿಗೆ ಬರೋಣ. ಜನರೇಟರಿನ ಕರೆಂಟನ್ನು ಮನೆಯ ದೀಪಗಳಿಗೆ ತಲುಪಿಸಲು ಕೆಲವರು ಒಂದು ಸುಲಭೋಪಾಯ ಕಂಡುಕೊಂಡಿದ್ದಾರೆ. ಒಂದು ವಯರಿನ ಎರಡು ತುದಿಗೂ ಪ್ಲಗ್ಗು ಕಟ್ಟಿ, ಒಂದನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚುತ್ತಾರೆ. ಮನೆಯೆಲ್ಲ ಬೆಳಕಾಗುತ್ತದೆ. ಆದರೆ ಆ ಕರೆಂಟು ಮನೆಯೊಳಗೇ ನಿಲ್ಲಬೇಕೆಂದು ಅದಕ್ಕೆ ಹೇಳಿದವರು ಯಾರು? ಮೀಟರಿನ ಮೂಲಕ ಹೊರಗೆ ಹರಿದು, ಕಂಬದ ತಂತಿಯಲ್ಲಿ ಟಿ.ಸಿ.ವರೆಗೆ ಹೋಗುತ್ತದೆ.

ನಮ್ಮ ಊರಿನ ಟಿ.ಸಿ. ಮಾಡುವ ಕೆಲಸವೇನು? 11,000 ವೋಲ್ಟಿನಲ್ಲಿ ಬಂದದ್ದನ್ನು ಮನೆಗೆ ತಕ್ಕ 230 ವೋಲ್ಟಿಗೆ ಇಳಿಸುವುದು. ಅದೇ ಟಿ.ಸಿ.ಗೆ ಕೆಳಗಿನಿಂದ 230 ವೋಲ್ಟು ಉಣಿಸಿದರೆ ಮೇಲಿನ ತಂತಿಯಲ್ಲಿ 11,000ದ ಹತ್ತಿರಕ್ಕೆ ಏರಿಸುತ್ತದೆ. ಅದಕ್ಕೆ ಒಳ್ಳೆಯದು ಕೆಟ್ಟದ್ದು ತಿಳಿಯದು. ಆ ಹೊತ್ತಿಗೆ ಮುರಿದ ಕಂಬದ ಬಳಿ ಮಳೆಯಲ್ಲಿ ನೆನೆಯುತ್ತ ತಂತಿ ಕಟ್ಟುತ್ತಿರುವವರು ಯಾರು? ಕೆ.ಇ.ಬಿ. ಕಾಲದಲ್ಲಿ ಮಾರ್ಗದಾಳು ಎಂದೂ ಈಗ ಪವರ್‌ಮ್ಯಾನ್ ಎಂದೂ ಕರೆಯುವ, ನಮ್ಮ ನಿಮ್ಮಂಥ ಮನೆಯಿಂದಲೇ ಬಂದ ಹುಡುಗ. ಲೈನು ಬಂದ್ ಮಾಡಿಸಿಕೊಂಡೇ ಅವನು ಹತ್ತಿದ್ದಾನೆ. ನಿಮ್ಮ ಹಿತ್ತಿಲಿನಿಂದ ಬರುವ ಕರೆಂಟಿನ ಸುದ್ದಿ ಅವನಿಗೆ ಗೊತ್ತಿಲ್ಲ. "ಅಕ್ಕಪಕ್ಕದ ಮನೆಗಳ ಭಾರಕ್ಕೆ ನಮ್ಮ ಚಿಕ್ಕ ಯಂತ್ರ ತಾನೇ ನಿಂತುಹೋಗುತ್ತದೆ" ಎಂದು ವಾದಿಸುವವರಿದ್ದಾರೆ. ಬಹಳ ಸಲ ಹಾಗೆಯೇ ಆಗುತ್ತದೆ, ಒಪ್ಪೋಣ. ಆದರೆ ತಂತಿ ನಿಮ್ಮ ಮನೆಯ ಹತ್ತಿರವೇ ತುಂಡಾಗಿ ನಡುವೆ ಬೇರೆ ಮನೆಗಳೇ ಇಲ್ಲದಿದ್ದರೆ ನಿಲ್ಲುವುದಿಲ್ಲ. ತೋಟದ ಒಂಟಿಮನೆಗಳ ಸ್ಥಿತಿ ಇದೇ. ಬಿದ್ದ ತಂತಿಯನ್ನು ಹಸು ಮೆಟ್ಟಬಹುದು, ಮಗು ಮುಟ್ಟಬಹುದು.

"ಮೇನ್ ಸ್ವಿಚ್ ತೆಗೆದೇ ಚುಚ್ಚುತ್ತೇವೆ" ಎಂಬ ಉತ್ತರವೂ ಸಾಲದು. ನೀವು ತೆಗೆಯುತ್ತೀರಿ; ನೀವು ಊರಿಗೆ ಹೋದ ದಿನ ಮಗ ಮರೆಯುತ್ತಾನೆ. ಮರೆತಾಗ ಲೈನು ಬಂದರೆ ಜನರೇಟರೂ ಸುಡುತ್ತದೆ. ಗೋಡೆಯಿಂದ ಕಿತ್ತ ಪ್ಲಗ್ಗಿನ ಹಿತ್ತಾಳೆ ಕಡ್ಡಿಗಳಲ್ಲಂತೂ ಆಗ 230 ವೋಲ್ಟು ಬರಿಮೈಯಲ್ಲಿರುತ್ತದೆ.

ಸರಿಯಾದ ದಾರಿ ಕಷ್ಟದ್ದಲ್ಲ. ಮೀಟರಿನ ನಂತರ ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಒಂದು ಕಡೆ ಲೈನು, ಇನ್ನೊಂದು ಕಡೆ ಜನರೇಟರು, ನಡುವೆ ಬಂದ್. ಹಿಡಿ ಒಂದೇ ಇರುವುದರಿಂದ ಎರಡೂ ಒಟ್ಟಿಗೆ ಸೇರುವುದು ಸಾಧ್ಯವೇ ಇಲ್ಲ. ಮರೆವಿಗೆ ಅಲ್ಲಿ ಎಡೆಯಿಲ್ಲ. ಫೇಸನ್ನೂ ನ್ಯೂಟ್ರಲನ್ನೂ, ಎರಡನ್ನೂ ಬದಲಿಸುವ ಎರಡು ಪೋಲಿನದೇ ಆಗಲಿ. ಲೈಸೆನ್ಸು ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ, ಯಂತ್ರದ ಚೌಕಟ್ಟಿಗೆ ಅರ್ತಿಂಗ್ ಕೊಡಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದನ್ನು ಸೇರಿಸಿ. ಸ್ವಿಚ್ಚಿಗೆ ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ, ಫ್ರಿಜ್ಜಿನ ಪ್ಲಗ್ಗನ್ನೇ ಕಿತ್ತು ತಂದು ಎಕ್ಸ್‌ಟೆನ್ಷನ್ ವಯರಿನಿಂದ ನೇರವಾಗಿ ಜನರೇಟರಿಗೆ ಹಚ್ಚಿ. ಗೋಡೆಯ ವಯರಿಂಗನ್ನು ಮುಟ್ಟಬೇಡಿ. ಆ ವಯರು ತೆಳುವಾಗಿರಬಾರದು. ದೂರವಿದ್ದರೆ 2.5 ಚದರ ಮಿಲಿಮೀಟರಿನ ತಾಮ್ರದ್ದಾಗಲಿ. ತಂತಿ ಹರಿದುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಬೆಸ್ಕಾಂನ 1912 ಸಂಖ್ಯೆಗೆ ಫೋನು ಮಾಡಿ. ಪವರ್‌ಮ್ಯಾನ್ ಬಂದಾಗ "ನಮ್ಮಲ್ಲಿ ಜನರೇಟರ್ ಇದೆ, ಚೇಂಜ್‌ಓವರ್ ಇದೆ" ಎಂದು ಬಾಯಿಬಿಟ್ಟು ಹೇಳಿ.

ವಾಸನೆಯಿಲ್ಲದ ವಿಷ

ಎರಡನೆಯ ತಪ್ಪು ಮಳೆಯಿಂದ ಹುಟ್ಟುತ್ತದೆ. ಹೊರಗೆ ಮಳೆ, ಯಂತ್ರ ನೆನೆಯಬಾರದೆಂದು ಹಜಾರಕ್ಕೋ ಕೊಟ್ಟಿಗೆಗೋ ಮೆಟ್ಟಿಲ ಕೆಳಗಿನ ಕೋಣೆಗೋ ತಂದು, ಕಿಟಕಿ ತೆರೆದಿದೆಯಲ್ಲ ಎಂಬ ಧೈರ್ಯದಿಂದ ಓಡಿಸಿ ಮಲಗುತ್ತಾರೆ. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಜಾಗದಲ್ಲಿ ಅದು ತಾನು ಕೂತುಬಿಡುತ್ತದೆ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬಾರದೆಂದು ಹಿರಿಯರು ಹೇಳುತ್ತಿದ್ದುದು ಇದೇ ಅನಿಲದ ಭಯದಿಂದ. ಜನರೇಟರು ಅಗ್ಗಿಷ್ಟಿಕೆಗಿಂತ ಬಹಳ ಹೆಚ್ಚು ಉಗುಳುತ್ತದೆ.

ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ 2020ರ ಆಗಸ್ಟಿನಲ್ಲಿ ಲಾರಾ ಎಂಬ ಚಂಡಮಾರುತ ಬೀಸಿತು. ಅಲ್ಲಿ ಮೊದಮೊದಲು ವರದಿಯಾದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯಿಂದಲ್ಲ, ನೀರಿನಿಂದಲ್ಲ, ಕರೆಂಟು ಹೋಯಿತೆಂದು ಓಡಿಸಿದ ಜನರೇಟರಿನ ಹೊಗೆಯಿಂದ ಆದವು. ಬಿರುಗಾಳಿಯನ್ನು ಗೆದ್ದು ಉಳಿದವರು ಮರುರಾತ್ರಿ ನಿದ್ದೆಯಲ್ಲಿ ಹೋದರು.

ಆದುದರಿಂದ ಯಂತ್ರ ಬಾಗಿಲು ಕಿಟಕಿಗಳಿಂದ 20 ಅಡಿ ದೂರವಿರಲಿ, ಹೊಗೆಯ ಬಾಯಿ ಮನೆಯ ಕಡೆಗೂ ಪಕ್ಕದವರ ಮನೆಯ ಕಡೆಗೂ ಬೇಡ. ಮಳೆಗೆ ನಾಲ್ಕು ಗೂಟದ ಮೇಲೆ ತಗಡಿನ ಸೂರು ಸಾಕು, ನಾಲ್ಕು ಕಡೆಯೂ ಬಯಲಾಗಿರಬೇಕು. ಉಪ್ಪಾರಹಳ್ಳಿಯಂಥ ಕಡೆ ಮನೆಗೆ ಮನೆ ಅಂಟಿಕೊಂಡಿರುವುದರಿಂದ 20 ಅಡಿ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಅಂಥವರಿಗೆ ನಮ್ಮ ನೇರ ಉತ್ತರ: ನಿಮಗೆ ಜನರೇಟರ್ ಬೇಡ, ಬ್ಯಾಟರಿಯೇ ತಕ್ಕದ್ದು. ಯಂತ್ರ ಓಡುವಾಗ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ "ಊಟ ಹೆಚ್ಚುಕಡಿಮೆಯಾಯಿತು" ಎಂದು ಮಲಗಬೇಡಿ. ಎಲ್ಲರನ್ನೂ ಬಯಲಿಗೆ ತಂದು 108ಕ್ಕೆ ಫೋನು ಮಾಡಿ. ಈ ಅನಿಲ ಸೇರಿದೊಡನೆ ಕೂಗುವ ಬ್ಯಾಟರಿಯ ಅಲಾರಂ ಸಿಗುತ್ತದೆ. ಮಲಗುವ ಕೋಣೆಯಲ್ಲಿ ಒಂದಿರಲಿ.

ಬಿಸಿ ಎಂಜಿನ್ನಿಗೆ ಪೆಟ್ರೋಲ್ ಸುರಿಯಬಾರದು. ನಿಲ್ಲಿಸಿ ಕಾಲು ಗಂಟೆ ಬಿಟ್ಟು ಹಾಕಿ. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿಟ್ಟು ಅಡಿಗೆಮನೆಯ ಗೂಡಿನಲ್ಲಿರಿಸುವವರಿಗೆ ಏನು ಹೇಳುವುದೋ ತಿಳಿಯದು.

ಯಂತ್ರ ಹೊರಡದಿದ್ದರೆ

ಹತ್ತು ಸಲ ಹಗ್ಗ ಎಳೆದು ತೋಳು ನೋಯಿಸಿಕೊಳ್ಳುವ ಮುನ್ನ, ಪೆಟ್ರೋಲ್ ಕಾಕು ತೆರೆದಿದೆಯೇ, ಸ್ವಿಚ್ಚು ಆನ್ ಆಗಿದೆಯೇ, ಚೋಕ್ ಎಳೆದಿದೆಯೇ ನೋಡಿ. ನಗಬೇಡಿ, ಮೆಕ್ಯಾನಿಕ್ಕುಗಳು ಮನೆಗೆ ಬಂದು ಮಾಡುವ ಕೆಲಸದಲ್ಲಿ ಇದೂ ಸೇರಿದೆ. ಆಮೇಲೆ ಆಯಿಲ್. ಆಯಿಲ್ ತಗ್ಗಿದರೆ ಎಂಜಿನ್ನು ಹೊರಡದಂತೆ ತಡೆಯುವ ಏರ್ಪಾಡು ಈಗಿನ ಬಹಳಷ್ಟು ಯಂತ್ರಗಳಲ್ಲಿದೆ. ಯಂತ್ರ ಓರೆಯಾದ ನೆಲದಲ್ಲಿದ್ದರೂ ಅದು ಮೋಸ ಹೋಗಿ ತಡೆಯುತ್ತದೆ. ಮಟ್ಟಸವಾದ ಕಲ್ಲಿನ ಮೇಲಿಟ್ಟು ಇನ್ನೊಮ್ಮೆ ಎಳೆಯಿರಿ.

ಅಲ್ಲಿಯೂ ದೋಷವಿಲ್ಲದಿದ್ದರೆ ಬಹುಮಟ್ಟಿಗೆ ಹಳೆಯ ಪೆಟ್ರೋಲೇ ಕಾರಣ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಸೇರಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕಳೆದ ವರ್ಷದ ಗಾಳಿಮಳೆಗೆ ತುಂಬಿದ ಪೆಟ್ರೋಲು ಈ ವರ್ಷದ ಗಾಳಿಮಳೆಗೆ ಒದಗುವುದಿಲ್ಲ; ಅಂಟಾಗಿ ಕಾರ್ಬ್ಯುರೇಟರಿನ ಕೂದಲೆಳೆಯ ತೂತನ್ನು ಮುಚ್ಚಿರುತ್ತದೆ. ಅದನ್ನು ಬಸಿದು ಹೊಸದನ್ನು ಹಾಕಿ. ಚೋಕ್ ಎಳೆದಾಗ ಮಾತ್ರ ಓಡಿ, ಬಿಟ್ಟೊಡನೆ ನಿಂತರೆ ತೂತು ಇನ್ನೂ ಕಟ್ಟಿದೆ ಎಂದರ್ಥ, ಬಿಚ್ಚಿ ತೊಳೆಸಬೇಕು.

ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದೇ ಕಥೆ ಹೇಳುತ್ತದೆ. ತುದಿ ಕಾಫಿಪುಡಿ ಬಣ್ಣದಲ್ಲಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಗಾಳಿಯ ಫಿಲ್ಟರು ಕೊಳೆಯಾಗಿದೆ ಅಥವಾ ಚೋಕ್ ಬಿಡಲು ಮರೆತಿದ್ದೀರಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಹೆಚ್ಚು ಎಳೆದಿದ್ದೀರಿ. ಒರೆಸಿ, ಹತ್ತು ನಿಮಿಷ ಬಿಟ್ಟು, ಚೋಕ್ ಇಲ್ಲದೆ ಎಳೆಯಿರಿ. ಕಿಡಿಯ ಅಂತರ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ಕಿಡಿ ಬರುತ್ತದೆಯೇ ಎಂದು ಟ್ಯಾಂಕಿನ ಮುಚ್ಚಳ ತೆರೆದಿಟ್ಟು ಪರೀಕ್ಷಿಸಬಾರದು.

ನಮ್ಮ ಸ್ವಂತ ಅನುಭವವೊಂದನ್ನು ಹೇಳುವುದಾದರೆ, ಮನೆಯ ಯಂತ್ರ ಹತ್ತು ನಿಮಿಷ ಚೆನ್ನಾಗಿ ಓಡಿ ಉಸಿರುಗಟ್ಟಿದಂತೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತು ನಿಮಿಷ. ರಿಪೇರಿಯವರು ಒಮ್ಮೆ ಪ್ಲಗ್ಗು ಬದಲಿಸಿದರು, ಇನ್ನೊಮ್ಮೆ ಕಾರ್ಬ್ಯುರೇಟರನ್ನೇ ಬದಲಿಸಿ ಹಣ ತೆಗೆದುಕೊಂಡರು. ಕಡೆಗೊಂದು ದಿನ ಯಂತ್ರ ನಿಂತಾಗ ಪೆಟ್ರೋಲ್ ಎಷ್ಟಿದೆಯೆಂದು ಟ್ಯಾಂಕಿನ ಮುಚ್ಚಳ ಸಡಿಲಿಸಿದೆವು. ಉಸ್ ಎಂದು ಗಾಳಿ ಒಳಗೆ ನುಗ್ಗಿತು. ಯಂತ್ರ ಮೊದಲ ಎಳೆತಕ್ಕೆ ಹೊರಟಿತು. ಮುಚ್ಚಳದಲ್ಲಿ ಗಾಳಿಗೆಂದು ಇರುವ ಸೂಜಿಗಂಡಿಯನ್ನು ಕಣಜದ ಹುಳು ಮಣ್ಣಿನಿಂದ ಮುಚ್ಚಿಬಿಟ್ಟಿತ್ತು. ಗಾಳಿ ಒಳಗೆ ಬಾರದೆ ಪೆಟ್ರೋಲು ಕೆಳಗೆ ಇಳಿಯುತ್ತಿರಲಿಲ್ಲ. ಗುಂಡುಸೂಜಿಯಿಂದ ಮುಗಿದ ರಿಪೇರಿ! ಹೊಗೆಯ ಕೊಳವೆಯೊಳಗೂ ಈ ಹುಳು ಗೂಡು ಮಾಡುತ್ತದೆ. ಇಲಿಗಳಿಗೆ ವಯರಿನ ಹೊದಿಕೆ ಬಹಳ ಇಷ್ಟ.

ಎಂಜಿನ್ನು ಓಡುತ್ತಿದೆ, ಕರೆಂಟು ಇಲ್ಲ ಎಂದಾದರೆ ಮೊದಲು ಯಂತ್ರದ ಮೇಲಿನ ಬ್ರೇಕರ್ ಬಿದ್ದಿದೆಯೇ ನೋಡಿ. ಎಲ್ಲ ಪ್ಲಗ್ಗು ಕಿತ್ತು, ಬ್ರೇಕರ್ ಎತ್ತಿ, ಒಂದೊಂದಾಗಿ ಹಚ್ಚಿದರೆ ಯಾವ ವಸ್ತು ಅಪರಾಧಿ ಎಂಬುದು ತಾನೇ ಗೊತ್ತಾಗುತ್ತದೆ. ಬ್ರೇಕರ್ ಸರಿಯಿದ್ದೂ ಕರೆಂಟು ಇಲ್ಲದಿದ್ದರೆ ಕಾರ್ಬನ್ ಬ್ರಷ್ ಸವೆದಿರಬಹುದು, ಎವಿಆರ್ ಅಥವಾ ಕೆಪಾಸಿಟರ್ ಕೆಟ್ಟಿರಬಹುದು. ತಿಂಗಳುಗಟ್ಟಲೆ ನಿಂತ ಯಂತ್ರದಲ್ಲಿ ಒಳಗಿನ ಅಲ್ಪ ಅಯಸ್ಕಾಂತಶಕ್ತಿ ಅಳಿದುಹೋಗಿಯೂ ಹೀಗಾಗುತ್ತದೆ. ಬ್ಯಾಟರಿ ತಾಗಿಸಿ ಅದನ್ನು ಮರಳಿ ತರುವ ವಿದ್ಯೆಯನ್ನು ಮೊಬೈಲಿನಲ್ಲಿ ನೋಡಿ ಮಾಡಬೇಡಿ, ಬಲ್ಲವರಿಗೆ ಬಿಡಿ. ದೀಪಗಳು ಉಸಿರಾಡಿದಂತೆ ಹೆಚ್ಚುಕಡಿಮೆಯಾದರೆ ಎಂಜಿನ್ನಿನ ವೇಗ ತೂಗಾಡುತ್ತಿದೆ. ಗಾಳಿಯ ಫಿಲ್ಟರು, ಕಾರ್ಬ್ಯುರೇಟರು, ಗವರ್ನರು, ಈ ಕ್ರಮದಲ್ಲಿ ನೋಡಿಸಿ. ಆ ಸ್ಥಿತಿಯಲ್ಲಿ ಟೀವಿ, ಆಕ್ಸಿಜನ್ ಯಂತ್ರ ಹಚ್ಚಕೂಡದು. ಡೀಸೆಲ್ ಎಂಜಿನ್ನಾದರೆ ಟ್ಯಾಂಕು ಒಮ್ಮೆ ಬರಿದಾದ ಮೇಲೆ ಕೊಳವೆಯಲ್ಲಿ ಗಾಳಿ ಸೇರಿ ಹೊರಡುವುದಿಲ್ಲ. ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಪಂಪು ಮಾಡಬೇಕು. ಹಿಂದೆ ಬಾವಿಯ ಮೇಲೆ ಆಯಿಲ್ ಎಂಜಿನ್ನು ಓಡಿಸಿದ ಹಿರಿಯರು ಊರಿನಲ್ಲಿದ್ದರೆ ಇದನ್ನು ಕಣ್ಣು ಮುಚ್ಚಿಕೊಂಡು ಮಾಡಿ ತೋರಿಸುತ್ತಾರೆ.

ಚಿಕ್ಕ ಎಂಜಿನ್ನಿಗೆ ಹಿಡಿಯುವ ಆಯಿಲ್ ಹೆಚ್ಚೆಂದರೆ ಒಂದು ಲೀಟರು. ಹೊಸದಾದರೆ ಮೊದಲ 20 ಗಂಟೆಗೆ ಒಮ್ಮೆ, ಆಮೇಲೆ 100 ಗಂಟೆಗೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಿ. ಎಷ್ಟು ಗಂಟೆ ಓಡಿತೆಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಹುದು. ಕೆಲಸವಿರಲಿ ಇಲ್ಲದಿರಲಿ ತಿಂಗಳಿಗೊಮ್ಮೆ ಫ್ಯಾನು, ದೀಪ ಹಚ್ಚಿ ಕಾಲು ಗಂಟೆ ಓಡಿಸಿ. ನಿಲ್ಲಿಸುವಾಗ ಸ್ವಿಚ್ಚಿನಿಂದ ನಿಲ್ಲಿಸದೆ ಪೆಟ್ರೋಲ್ ಕಾಕು ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಸುಟ್ಟು ಎಂಜಿನ್ನು ತಾನಾಗಿಯೇ ನಿಲ್ಲಲು ಬಿಡಿ.